ಗರಾಜಿಗೆ ಬಂದ ಊಟದ ತಟ್ಟೆ

ಹೋದ ತಿಂಗಳು ಸಿಯಾಟಲ್ ಪಕ್ಕದ ಬೆಲ್ವ್ಯೂದ ಒಂದು ದೊಡ್ಡ ಮದ್ಯದಂಗಡಿಗೆ ಹೋಗಿದ್ದೆ. ಯಾರದೋ ಗೃಹಪ್ರವೇಶಕ್ಕೆ ವೈನ್ ಬೇಕಿತ್ತು. ಮೂಲೆಯಲ್ಲಿ ಮೇಜು ಹಾಕಿಕೊಂಡು ನಿಂತಿದ್ದ ಹುಡುಗಿಯೊಬ್ಬಳು ಹೆಬ್ಬೆರಳಿನಷ್ಟೇ ಇದ್ದ ಲೋಟದಲ್ಲಿ ಮೆಸ್ಕಾಲ್ ಎಂಬ ಮದ್ಯ ಕೊಟ್ಟು ರುಚಿ ನೋಡಿ ಎಂದಳು. ಮೂಗಿನ ಹತ್ತಿರ ತಂದೆ. ಕೆಂಡದಲ್ಲಿ ಸುಟ್ಟ ಗೆಣಸು, ಅದರ ಹಿಂದೆ ಮಳೆ ಬಿದ್ದ ಮಣ್ಣು. ಹುಡುಗಿ ಬಾಯಿಪಾಠ ಒಪ್ಪಿಸತೊಡಗಿದಳು. ಮೆಕ್ಸಿಕೋದ ಗುಡ್ಡಗಾಡಿನ ಒಂದು ಹಳ್ಳಿ, ಅಲ್ಲೊಬ್ಬ ಮುದುಕ, ಅವನಿಗೆ ಅವನ ಅಪ್ಪ ಕಲಿಸಿದ ಕಸುಬು. ಬಾಟಲಿಯ ಮೇಲೆ ಅವನ ಹೆಸರೇ ಇದೆ ನೋಡಿ, ಇವರನ್ನು ‘ಮಾಯೆಸ್ತ್ರೊ’ ಎನ್ನುತ್ತಾರೆ, ಅಂದರೆ ಗುರುಗಳು.

ನನಗೆ ಮೈಯೆಲ್ಲ ಉರಿಯಿತು. ಪಾಪ, ಆ ಹುಡುಗಿಯದು ಏನೂ ತಪ್ಪಿಲ್ಲ. ಲೋಟ ಕೆಳಗಿಟ್ಟು ವೈನನ್ನೂ ಕೊಳ್ಳದೆ ಹೊರಗೆ ಬಂದು ಕಾರಿನಲ್ಲಿ ಕೂತೆ. 2016ರ ಆ ಶರತ್ಕಾಲ, ಅಪ್ಪ ನನ್ನ ಹತ್ತಿರ ಬಂದಿದ್ದ ಒಂದೇ ಒಂದು ಸಲ, ಹಾಗೇ ಎದ್ದು ಎದುರಿಗೆ ನಿಂತಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯಬೇಕು ಅಂತ ನನಗೆ ಆಸೆಯೂ ಇಲ್ಲ.

ನನ್ನ ಅಪ್ಪ ಹೆಂಡ ಇಳಿಸುವವನು. ಕುಣಿಗಲ್ ಕಡೆಯ ಹಳ್ಳಿ ನಮ್ಮದು. ಕೆರೆಯ ಹಿಂದೆ ಸಾಲು ಈಚಲು ಮರ. ಚಳಿ ಶುರುವಾಗುತ್ತಿದ್ದಂತೆ ಅಪ್ಪ ನಡುವಿಗೆ ಹಗ್ಗ ಸುತ್ತಿ, ಬೆನ್ನಿಗೆ ಕತ್ತಿ ಸಿಕ್ಕಿಸಿಕೊಂಡು ಮರ ಹತ್ತುತ್ತಿದ್ದ. ಮರದ ಕತ್ತು ಕೆತ್ತಿ, ಮಡಕೆ ಕಟ್ಟಿ ಇಳಿಯುತ್ತಿದ್ದ. ಒಂದು ವರ್ಷ ಈ ಮಗ್ಗುಲು, ಮುಂದಿನ ವರ್ಷ ಆ ಮಗ್ಗುಲು. ಮರದ ಮೈಮೇಲಿನ ಕಚ್ಚು ನೋಡಿ ಅದು ಎಷ್ಟು ವರ್ಷ ಹಾಲು ಕೊಟ್ಟಿದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಸುಣ್ಣ ಬಳಿದ ಮಡಕೆಯದು ಸಿಹಿ ನೀರಾ, ಮಕ್ಕಳು ನಾವು ಕುಡಿಯುವುದು ಅದನ್ನು. ಸುಣ್ಣವಿಲ್ಲದ್ದು ಮಧ್ಯಾಹ್ನದ ಹೊತ್ತಿಗೆ ಹುಳಿಯೊಡೆದು ನೊರೆ ಕಟ್ಟುತ್ತಿತ್ತು. ಇಡೀ ಊರು ಅದನ್ನು ಕುಡಿಯುತ್ತಿತ್ತು. ಕುಡಿಯುವುದಿಲ್ಲ ಎಂದು ಹೇಳಿಕೊಳ್ಳುವವರೂ ಹಿತ್ತಿಲ ದಾರಿಯಲ್ಲಿ ಬಂದು ಕುಡಿಯುತ್ತಿದ್ದರು. ಅವರೇ ಬೆಳಿಗ್ಗೆ ಅಂಗಡಿಯಲ್ಲಿ ಕೂತು, ಅಪ್ಪ ಉಪ್ಪು ಕೇಳಿದರೆ ಪೊಟ್ಟಣವನ್ನು ಮೊಳದೆತ್ತರದಿಂದ ಅವನ ಬೊಗಸೆಗೆ ಬಿಡುತ್ತಿದ್ದರು. ಅಪ್ಪ ಅದನ್ನು ಒಂದು ದಿನವೂ ಬೀಳಗೊಡಲಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

ಆಮೇಲೆ ಸರ್ಕಾರ ನಮ್ಮ ಕಡೆ ಹೆಂಡ ನಿಲ್ಲಿಸಿತು. ಕುಡಿದು ಹಾಳಾದ ಮನೆಗಳು ಇರಲಿಲ್ಲವೆಂದು ನಾನು ಹೇಳುವುದಿಲ್ಲ, ನಮ್ಮ ಬೀದಿಯಲ್ಲೇ ಇದ್ದವು. ಆದರೆ ಹೆಂಡ ನಿಂತಿತೇ ಹೊರತು ಕುಡಿತ ನಿಲ್ಲಲಿಲ್ಲ. ಬಸ್ ಸ್ಟಾಂಡಿನ ಎದುರು ಬಣ್ಣದ ಬಾಟಲಿಯ ಅಂಗಡಿಗಳು ಬಂದವು, ಅವಕ್ಕೆ ಮರ್ಯಾದೆಯೂ ಬಂತು. ಅಪ್ಪ ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕಾವಲಿಗೆ ಸೇರಿದ. ನಾನು ಹಾಸ್ಟೆಲಿಗೆ ಹೊರಟಾಗ ಅವನು ಕೊಟ್ಟ ಬುದ್ಧಿವಾದ ಇಷ್ಟೇ: “ಅಪ್ಪ ಏನ್ಮಾಡ್ತಾರೆ ಅಂದ್ರೆ ಬೇಸಾಯ ಅಂದ್ಬುಡು ಶೈಲಾ.” ನಮಗೆ ಬೇಸಾಯಕ್ಕೆ ಅಂಗೈಯಗಲ ಜಮೀನೂ ಇರಲಿಲ್ಲ. ಆದರೂ ಬೆಂಗಳೂರಿನಲ್ಲಿ ಬೇಸಾಯ ಎಂದೆ, ಸಿಯಾಟಲ್ಲಿಗೆ ಬಂದು ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆದ ಮೇಲೂ ಬೇಸಾಯ ಎಂದೆ.

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಹಠ ಮಾಡಿ ಕರೆಸಿಕೊಂಡೆ. ಆಗ ನಾನಿದ್ದದ್ದು ಲಿನ್‌ವುಡ್‌ನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ. ಸೆಪ್ಟೆಂಬರ್ ಕಳೆದಿತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ಬೀಳುವುದೋ ಬೇಡವೋ ಎನ್ನುವ ಇಲ್ಲಿಯ ಸೋನೆ ಶುರುವಾಗಿತ್ತು. ಅಪ್ಪ ಕಿಟಕಿಯ ಹತ್ತಿರ ಕಂಬಳಿ ಹೊದ್ದು ಕೂತು ಎದುರಿಗಿನ ಫರ್ ಮರಗಳ ನೆತ್ತಿ ನೋಡುತ್ತಿದ್ದ. “ಇವುನ್ನ ಯಾರೂ ಹತ್ತಾಕಿಲ್ವಾ?” ಎಂದು ಕೇಳಿದ. ಇಲ್ಲ ಎಂದೆ. ಬಹಳ ಬೇಜಾರಾಯಿತು ಅವನಿಗೆ.

ಕೆಳಗಿನ ಮನೆಯಲ್ಲಿ ಎಲ್ವಿರಾ ಇದ್ದಳು, ನನ್ನ ಜೊತೆ ಕಾರ್ಖಾನೆಯಲ್ಲೇ ಕೆಲಸ ಮಾಡುವವಳು. ಮೆಕ್ಸಿಕೋದ ಒವಾಹಾಕಾ ಸೀಮೆಯವಳು, ಅವಳ ಮಾವ ಮೆಸ್ಕಾಲ್ ಬಟ್ಟಿ ಇಳಿಸುತ್ತಾನೆ. ಒಂದು ಭಾನುವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಸೋರೆಬುರುಡೆಯಂಥ ಕಾಯಿಯ ಸಣ್ಣ ಚಿಪ್ಪಿನಲ್ಲಿ ಮೆಸ್ಕಾಲ್ ಸುರಿದು, ಕುಡಿಯುವ ಮೊದಲು ಬಾಲ್ಕನಿಯ ಹೂಕುಂಡಕ್ಕೆ ಎರಡು ಹನಿ ಚೆಲ್ಲಿದಳು. ಅಪ್ಪ ನೆಟ್ಟಗೆ ಕೂತ. ಪ್ರತಿ ಸುಗ್ಗಿಯ ಮೊದಲ ಮಡಕೆಯನ್ನು ಅವನು ಮರದ ಬುಡಕ್ಕೆ ಸುರಿಯುತ್ತಿದ್ದ. ಅದನ್ನು ನಾನು ಇಂಗ್ಲಿಷಿನಲ್ಲಿ ಎಲ್ವಿರಾಳಿಗೆ ಹೇಳಿದೆ. ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. ಮತ್ತೇನು, ನೆಲಕ್ಕೆ ಕೊಡದೆ ಕುಡಿಯುವುದುಂಟೇ ಎಂದಳು.

ಹೇಗೆ ಕುಡಿಯಬೇಕೆಂದು ಹೇಳಿಕೊಟ್ಟವಳೂ ಅವಳೇ. ಲೋಟದೊಳಗೆ ಮೂಗು ತೂರಿಸಬಾರದು, ಮೂಗು ಸತ್ತುಹೋಗುತ್ತದೆ. ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಬೇಕು. ಮೊದಲ ಗುಟುಕು ಬಾಯಿಗೆ ಪರಿಚಯ ಹೇಳಲಿಕ್ಕೆ ಮಾತ್ರ, ಅದರಿಂದ ತೀರ್ಪು ಕೊಡಬಾರದು. ಎರಡನೆಯದನ್ನು ಮುತ್ತು ಕೊಟ್ಟ ಹಾಗೆ ತುಟಿಯಲ್ಲಷ್ಟೇ ತೆಗೆದುಕೊಂಡು ಸುಮ್ಮನಿರಬೇಕು. ಆಗ ಹೊಗೆ ಹಿಂದೆ ಸರಿದು ಗಿಡ ಮುಂದೆ ಬರುತ್ತದೆ. ಹಾಗೇ ಆಯಿತು. ಹೊಗೆಯ ಹಿಂದಿನಿಂದ ಹಸಿರು ನಾರಿನ ವಾಸನೆಯೊಂದು ಬಂತು, ನನಗೆ ಗೊತ್ತಿದ್ದ ವಾಸನೆ. ಫೋನಿನಲ್ಲಿ ಗಿಡದ ಚಿತ್ರ ನೋಡಿದೆ. ಅದು ನಮ್ಮ ಕತ್ತಾಳೆಯ ನೆಂಟ! ನಮ್ಮ ಹೊಲಗಳ ಬದುವಿನಲ್ಲಿ ದನ ಬಾರದಿರಲೆಂದು ನೆಡುವ ಕತ್ತಾಳೆ. ಅಪ್ಪ ಮರ ಹತ್ತುತ್ತಿದ್ದ ಹಗ್ಗ ಅದರ ನಾರಿನದೇ.

“ಕತ್ತಾಳೇಲಿ ಹೆಂಡ ತೆಗೀತಾರಾ!” ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಒಂದರ ಮೇಲೊಂದು ಪ್ರಶ್ನೆ ಕೇಳಿದ. ಮಧ್ಯೆ ಕೂತು ನಾನು ಅತ್ತಿಂದಿತ್ತ ಮಾತು ಸಾಗಿಸಿದೆ. ಎಲೆಯೆಲ್ಲ ಸವರಿದ ಮೇಲೆ ಉಳಿಯುವ ಗಡ್ಡೆಯನ್ನು ಕಾದ ಕಲ್ಲಿನ ಗುಂಡಿಯಲ್ಲಿ ಹೂತು ದಿನಗಟ್ಟಲೆ ಬೇಯಿಸುತ್ತಾರೆ, ಹೊಗೆ ಬರುವುದು ಅಲ್ಲಿಂದ. ಟಕೀಲಾ ಕೂಡ ಇದೇ ಮನೆತನದ್ದು, ಆದರೆ ಒಂದೇ ಜಾತಿಯ ಕತ್ತಾಳೆ, ಹೆಚ್ಚಾಗಿ ಹಬೆಯಲ್ಲಿ ಬೇಯಿಸುವುದರಿಂದ ಹೊಗೆಯಿಲ್ಲ. ಗಿಡದ ಎದೆಯನ್ನೇ ತೋಡಿ, ಅಲ್ಲಿ ಒಸರುವ ಸಿಹಿ ನೀರನ್ನು ದಿನವೂ ತೆಗೆದು ಹುಳಿ ಬರಿಸಿದರೆ ಅದು ಪುಲ್ಕೆ, ಬಟ್ಟಿ ಇಳಿಸಬೇಕಾಗಿಲ್ಲ. “ಅದೇ ಕಣವ್ವ ನಮ್ದು!” ಎಂದು ಅಪ್ಪ ಮೇಜು ತಟ್ಟಿದ. ಉತ್ತರದ ಸೀಮೆಯಲ್ಲಿ ಬಾಕನೋರಾ ಎಂಬುದೊಂದಿದೆ, ಅದನ್ನು ಸರ್ಕಾರ ಎಷ್ಟೋ ದಶಕ ನಿಷೇಧಿಸಿತ್ತು, ಬೆಟ್ಟದಲ್ಲಿ ಕದ್ದು ಇಳಿಸುತ್ತಿದ್ದರು, ಸಿಕ್ಕಿಬಿದ್ದವರನ್ನು ಜೈಲಿಗೆ ಹಾಕುತ್ತಿದ್ದರು ಎಂದು ಎಲ್ವಿರಾ ಹೇಳಿದಾಗ ಅಪ್ಪ ಚಿಪ್ಪನ್ನು ಕೆಳಗಿಟ್ಟ.

“ಆಮೇಕೆ ಬುಟ್ರಾ?” ಎಂದು ಕೇಳಿದ.

ಬಿಟ್ಟರು. ಈಗ ಅದೇ ಆ ಸೀಮೆಯ ಹೆಮ್ಮೆಯಂತೆ. ಇಳಿಸುವವರ ಹೆಸರನ್ನು ಬಾಟಲಿಯ ಮೇಲೆ ಅಚ್ಚು ಹಾಕುತ್ತಾರಂತೆ.

ಅಪ್ಪ ಆ ಚಿಪ್ಪನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಅವನು ತನ್ನ ಕಸುಬಿನ ಮಾತನ್ನು ಹೊರಗಿನವರೊಬ್ಬರ ಮುಂದೆ ತಲೆಯೆತ್ತಿ ಆಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನು ಮೇಲೆ ಇವನನ್ನು ಬೇಸಾಯಗಾರ ಮಾಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ. ಇವನ ಕಸುಬು ಗೊತ್ತಿದ್ದೂ ಇವನಿಗೆ ಮರ್ಯಾದೆ ಸಿಗಬೇಕು. ಆ ವರ್ಷ ನನಗೆ ಬೇಕಾಗಿದ್ದದ್ದು ಅಷ್ಟೇ.

ಆ ಹೊತ್ತಿಗೆ ನಮ್ಮ ಕನ್ನಡದವರಲ್ಲೂ ಮೆಸ್ಕಾಲ್ ಹುಚ್ಚು ಹತ್ತಿತ್ತು. ಅದರ ಮುಂದಾಳು ರಾಘವ, ಮೈಸೂರಿನವನು. ಸಿಯಾಟಲ್ ನಡುಪೇಟೆಯ ಡೆನ್ನಿ ಟ್ರಯಾಂಗಲ್‌ನ ಗಾಜಿನ ಗೋಪುರವೊಂದರಲ್ಲಿ ಅವನ ಕೆಲಸ, ಬೆಲ್ವ್ಯೂ ಪಕ್ಕದ ಗುಡ್ಡದ ಮೇಲೆ ಅವನ ಮನೆ. ರಜೆಯಲ್ಲಿ ಒವಾಹಾಕಾಕ್ಕೆ ಹೋಗಿ ಬಂದಾಗಿನಿಂದ ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ತಿಂಗಳಿಗೊಮ್ಮೆ ಅವನಲ್ಲಿ ‘ಟೇಸ್ಟಿಂಗ್’. ಅದೂ ಎಲ್ಲಿ ಅಂತೀರಿ? ಗರಾಜಿನಲ್ಲಿ. ಮನೆಯೊಳಗೆ ದೇವರಿದ್ದಾನೆ, ಬಾಟಲಿ ಹೊಸ್ತಿಲು ದಾಟುವಂತಿಲ್ಲ ಎಂದು ಅವನ ಹೆಂಡತಿ ವಿದ್ಯಾಳ ಕಟ್ಟಪ್ಪಣೆ. ಕುಡಿದ ಲೋಟಗಳು ಅಡಿಗೆಮನೆಯ ಸಿಂಕಿಗೂ ಹೋಗಕೂಡದು, ತೋಟದ ಪೈಪಿನಲ್ಲೇ ತೊಳೆಯಬೇಕು. ಅಕ್ಕಿಮೂಟೆ, ಮಕ್ಕಳ ಸೈಕಲ್ಲು, ಹಿಮಕ್ಕೆ ಹಾಕುವ ಟೈರುಗಳ ಮಧ್ಯೆ ಮಡಿಸುವ ಕುರ್ಚಿ ಹಾಕಿಕೊಂಡು, ಜೊತೆಗೆ ಮಸಾಲೆ ಕಡಲೆಕಾಯಿ ಮೆಲ್ಲುತ್ತ, ನಾಲಿಗೆಯೆಲ್ಲ ಖಾರವಾದ ಮೇಲೆ ಇದರಲ್ಲಿ ಹೂವಿನ ಪರಿಮಳವಿದೆ ಎಂದು ತಲೆದೂಗುತ್ತಿದ್ದರು. ಗರಾಜಿನಿಂದ ಮನೆಯೊಳಕ್ಕೆ ಮೂರು ಮರದ ಮೆಟ್ಟಿಲು.

ದಸರೆ ಮುಗಿದ ಶನಿವಾರ ನಮ್ಮಿಬ್ಬರನ್ನೂ ಕರೆದಿದ್ದರು. ಮೊದಲು ಟೇಸ್ಟಿಂಗ್, ಆಮೇಲೆ ಊಟ. ಕಾರಿನಲ್ಲಿ ಅಪ್ಪ ಹಳೆಯ ರಾಗವನ್ನೇ ತೆಗೆದ. “ಕೇಳುದ್ರೆ ಬೇಸಾಯ ಅನ್ನು.” ನಾನು ಮಾತನ್ನು ಬೇರೆ ಕಡೆಗೆ ತಿರುಗಿಸಿದೆ.

ವಿದ್ಯಾ ನಗುನಗುತ್ತ ಬಂದು, “ಬನ್ನಿ ಅಂಕಲ್, ಬನ್ನಿ,” ಎಂದು ಕೈಹಿಡಿದು ಆ ಮೂರು ಮೆಟ್ಟಿಲು ಹತ್ತಿಸಿ ಒಳಗೆ ಕರೆದೊಯ್ದಳು. ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟಳು. ಬೊಂಬೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ. ರಾಜ ರಾಣಿ, ದಿನಸಿ ಹರಡಿಕೊಂಡು ಕೂತ ಶೆಟ್ಟಿ, ಕುಂಬಾರ, ಹಾವಾಡಿಗ ಎಲ್ಲರೂ ಸಾಲಾಗಿ ಇದ್ದರು. ಅಪ್ಪ ಬಗ್ಗಿ ಬಗ್ಗಿ ನೋಡಿ ನನ್ನ ಕಿವಿಯಲ್ಲಿ, “ಎಲ್ಲಾ ಕಸುಬ್ನೋರೂ ಅವ್ರೆ. ನಾನೊಬ್ಬನೇ ಇಲ್ಲ,” ಎಂದು ನಕ್ಕ.

ಗರಾಜಿನಲ್ಲಿ ಪಾಠ ಶುರುವಾಯಿತು. ರಾಘವ ಗೋಡೆಯ ಮೇಲೆ ಫೋಟೋಗಳನ್ನು ಬಿಟ್ಟ. ಮಣ್ಣಿನ ಮಡಕೆಗಳ ಮುಂದೆ ಹುಲ್ಲಿನ ಟೋಪಿ ಹಾಕಿಕೊಂಡ ಒಬ್ಬ ಮುದುಕ. ಅವನ ಕಾಲ ಹತ್ತಿರ ಬಗ್ಗಿರುವ ರಾಘವ.

“ನೋಡಿ, ಇದು ಶಾಟ್ ಹೊಡ್ಯೋದಲ್ಲ. ರೆಸ್ಪೆಕ್ಟ್ ಕೊಡ್ಬೇಕು. ಇವ್ರು ತಾತನ ಕಾಲದಿಂದ ಇದೇ ಕೆಲ್ಸ ಮಾಡ್ಕೊಂಡು ಬಂದಿದಾರೆ. ನಾನು ಸೀರಿಯಸ್ಸಾಗಿ ಅವ್ರ ಕಾಲು ಮುಟ್ಟಿ ನಮಸ್ಕಾರ ಮಾಡ್ದೆ. ದಿಸ್ ಮ್ಯಾನ್ ಈಸ್ ಎ ಗುರು.”

ಗುಂಪಿನಲ್ಲಿ ಯಾರೋ ಕೇಳಿದರು, ನಮ್ಮ ಕಡೆ ಇಂಥದ್ದು ಇರಲಿಲ್ಲವೇ ಎಂದು.

“ನಮ್ಮಲ್ಲೆಲ್ಲಿ ಗುರೂ?” ಎಂದ ರಾಘವ. “ಹೆಂಡ, ಸಾರಾಯಿ ಅಂತ ಏನೋ ಕೊಳಕು ಕಲಸಿ ಕುಡಿಸ್ತಿದ್ರು. ಕ್ರಾಫ್ಟ್ ಅನ್ನೋದೇ ಇರ್ಲಿಲ್ಲ. ಆ ಜನಕ್ಕೆ ಅದೆಲ್ಲ ಎಲ್ಲಿ ಅರ್ಥ ಆಗತ್ತೆ?”

ಅಪ್ಪ ಕೈಯಲ್ಲಿದ್ದ ಮಣ್ಣಿನ ಬಟ್ಟಲನ್ನು ನೋಡುತ್ತಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಉಪ್ಪಿನ ಪೊಟ್ಟಣ ಹಿಡಿಯುವಾಗಲೂ ಅವನ ಮುಖ ಹಾಗೇ ಇರುತ್ತಿತ್ತು. ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

“ಆ ಜನ ಅಂದ್ರೆ ಯಾರು ರಾಘವ? ನಮ್ಮಪ್ಪ ಹೆಂಡ ಇಳಿಸ್ತಿದ್ದೋರು. ಇಲ್ಲೇ ಕೂತಿದಾರೆ. ಏನು ಕೊಳಕು ಕಲಸ್ತಿದ್ರು ಅಂತ ಅವ್ರನ್ನೇ ಕೇಳು.”

ಇದಕ್ಕೆ ಅಪ್ಪ ಆಮೇಲೆ ಮನೆಗೆ ಹೋಗುವಾಗ ಕಾರಿನಲ್ಲಿ ನನಗೆ ಚೆನ್ನಾಗಿ ಉಗಿದ. “ನನ್ ಕಸುಬ್ನ ಯೋಳೋದಾದ್ರೆ ನಾನೇ ಯೋಳ್ತೀನಿ. ಯಾವಾಗ ಯೋಳ್ಬೇಕು, ಯಾರ್ಗೆ ಯೋಳ್ಬೇಕು ಅಂತ ನಂಗೆ ಗೊತ್ತಿಲ್ವಾ?” ಎಂದ. ಅವನು ಹೇಳಿದ್ದು ಸರಿಯೇ ಇರಬಹುದು. ಆದರೆ ಆ ಗಳಿಗೆ ಮತ್ತೆ ಬಂದರೆ ನಾನು ಮತ್ತೆ ಅದನ್ನೇ ಹೇಳುತ್ತೇನೆ.

ರಾಘವ ಸಾವರಿಸಿಕೊಂಡದ್ದು ನೋಡಬೇಕಿತ್ತು. “ವಾವ್! ಅಂಕಲ್! ಮೊದಲೇ ಹೇಳೋದಲ್ವಾ?” ಎಂದು ಹಾರಿಬಂದು ಅಪ್ಪನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದ. “ಮುಂದಿನ ತಿಂಗಳು ನೀವೇ ನಮ್ ಗೆಸ್ಟ್. ಒಂದು ಡೆಮೊ ಕೊಡ್ಬೇಕು. ಇಲ್ಲಿ ಯಾವ್ದಾದ್ರೂ ಪಾಮ್ ಟ್ರೀ ಹುಡುಕೋಣ!” ಎಲ್ಲರೂ ನಕ್ಕರು. ಆಡಿದ ಮಾತಿಗೆ ಒಂದು ಕ್ಷಮೆಯಿಲ್ಲ. ಮೆಕ್ಸಿಕೋದ ಮುದುಕನ ಪಾದಕ್ಕೆ ಬಗ್ಗಿದ ಸೊಂಟ ಕುಣಿಗಲ್ಲಿನ ಮುದುಕನ ಮುಂದೆ ಬಗ್ಗಲಿಲ್ಲ, ಅಪ್ಪನಿಗೆ ಸಿಕ್ಕಿದ್ದು ಸೆಲ್ಫಿ. ದೂರದ ಹಳ್ಳಿಯ ಬೆವರು ಇವರಿಗೆ ಪರಿಮಳ, ತಮ್ಮ ಪಕ್ಕದ ಹಳ್ಳಿಯದು ನಾತ. ಫೋಟೋವನ್ನು ತೋರಿಸಲು ರಾಘವ ಕುಣಿಯುತ್ತ ಒಳಗೆ ಓಡಿದ. “ವಿದ್ಯಾ, ಗೊತ್ತಾ, ಶೈಲಾ ಅವ್ರ ತಂದೆ...” ಎನ್ನುವ ಅವನ ದನಿ ಬಾಗಿಲಾಚೆಯಿಂದ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಊಟಕ್ಕೆ ಕರೆ ಬಂತು. ಒಬ್ಬೊಬ್ಬರೇ ಪೈಪಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಒಳಗೆ ಹೋದರು. ಅಪ್ಪ ನಿಧಾನವಾಗಿ ಚಪ್ಪಲಿ ಬಿಟ್ಟ. ಅವನು ಮೆಟ್ಟಿಲ ಹತ್ತಿರ ಬರುವುದಕ್ಕೂ ಬಾಗಿಲು ತೆರೆದು ವಿದ್ಯಾ ಹೊರಗೆ ಬರುವುದಕ್ಕೂ ಸರಿಹೋಯಿತು. ಅವಳ ಕೈಯಲ್ಲಿ ಕಾಗದದ ತಟ್ಟೆ. ಬಿಸಿಬೇಳೆಭಾತ್, ಕೋಸಂಬರಿ, ಒಂದು ಹೋಳಿಗೆ.

“ಅಂಕಲ್‌ಗೆ ಕಾಲು ನೋವಿರತ್ತೆ, ಮೆಟ್ಲು ಯಾಕೆ ಪಾಪ. ಇಲ್ಲೇ ಆರಾಮಾಗಿ ಕೂತ್ಕೊಂಡು ಊಟ ಮಾಡ್ಲಿ,” ಎಂದಳು. ನನ್ನ ಕಡೆ ತಿರುಗಿ, “ಶೈಲಾ, ನಿನಗೆ ಒಳಗೆ ಎಲೆ ಹಾಕಿದೀನಿ ಬಾ.”

ಕಾಲು ನೋವಿನ ಮಾತನ್ನು ಯಾರೂ ಎತ್ತಿರಲಿಲ್ಲ. ಅದೇ ಮೆಟ್ಟಿಲನ್ನು ಸ್ವಲ್ಪ ಹೊತ್ತಿಗೆ ಮುಂಚೆ ಅವಳೇ ಕೈಹಿಡಿದು ಹತ್ತಿಸಿದ್ದಳು. ಬೆಳ್ಳಿ ಲೋಟ ಹೋಗಿ ಕಾಗದದ ತಟ್ಟೆ ಬರುವುದಕ್ಕೆ ಮಧ್ಯೆ ನಡೆದದ್ದು ಒಂದೇ ಒಂದು ಮಾತು. ಮತ್ತು ಅವಳು ಕೆಟ್ಟವಳಲ್ಲ, ಅದೇ ಇನ್ನೂ ಕಷ್ಟ. ನನಗೆ ಜ್ವರ ಬಂದಾಗ ಲಿನ್‌ವುಡ್‌ವರೆಗೆ ಡ್ರೈವ್ ಮಾಡಿಕೊಂಡು ಬಂದು ಸಾರು ಕೊಟ್ಟು ಹೋದವಳು. ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿರಲಿಲ್ಲ ಎಂದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

“ನಡಿಯಪ್ಪ, ಮನೆಗೆ ಹೋಗಾಣ,” ಎಂದು ನಾನು ಕಾರಿನ ಕೀ ತೆಗೆದೆ.

“ತಡಿಯವ್ವ. ಅನ್ನ ಕೊಟ್ಟವ್ರೆ,” ಎಂದ ಅಪ್ಪ. ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಹಾಗೇ ಮೂರು ಮೆಟ್ಟಿಲು ಹತ್ತಿ, ಮೊಣಕೈಯಿಂದ ಬಾಗಿಲು ನೂಕಿ ಒಳಗೆ ನಡೆದ. ನಾನು ಹಿಂದೆ ಓಡಿದೆ.

ಉದ್ದನೆಯ ಮೇಜಿನ ಎರಡೂ ಬದಿ ಬಾಳೆಲೆ, ಎಲ್ಲರೂ ಕೂತಾಗಿತ್ತು. ಖಾಲಿಯಿದ್ದದ್ದು ಒಂದೇ ಕುರ್ಚಿ, ನನ್ನದು. ಅಪ್ಪ ಅಲ್ಲಿ ಕೂತು, ಎಲೆಯ ಮೇಲೆ ಕಾಗದದ ತಟ್ಟೆ ಇಟ್ಟುಕೊಂಡ. ರಾಘವ ಅರ್ಧ ಎದ್ದು, “ಅಂಕಲ್, ಅಲ್ಲೇ ಕೂತ್ಕೊಬೋದಿತ್ತು, ನಿಮ್ ಕಾಲಿಗೆ...” ಎಂದು ತೊದಲಿದ.

“ನಾನು ಈಡಿಗ ಸ್ವಾಮಿ,” ಎಂದ ಅಪ್ಪ. ದನಿ ಏರಿಸಲಿಲ್ಲ. “ನಲವತ್ತು ವರ್ಸ ಈಚಲ ಮರ ಹತ್ತಿವ್ನಿ. ಮೂರು ಮೆಟ್ಲು ಹತ್ತಾಕಾಗಲ್ವಾ?”

ನಾನು ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದೆ. ವಿದ್ಯಾ ತುಪ್ಪದ ಗಿಂಡಿ ಹಿಡಿದು ಬಂದಳು. ಬಡಿಸದೆ ವಿಧಿಯಿರಲಿಲ್ಲ. ಅಲ್ಲಿಯವರೆಗೆ ಬಗ್ಗಿ ಬಗ್ಗಿ, ಇನ್ನೊಂದು ಚೂರು ಹಾಕ್ಲಾ ಎಂದು ಉಪಚಾರ ಮಾಡುತ್ತ ಬಂದವಳು ಅಪ್ಪನ ಹತ್ತಿರ ನೆಟ್ಟಗೆ ನಿಂತಳು. ಚಮಚವನ್ನು ಮೊಳದೆತ್ತರದಲ್ಲಿ ಹಿಡಿದಳು.

ಅಪ್ಪ ಅದನ್ನೊಮ್ಮೆ ನೋಡಿದ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೇಲೆ, ಇನ್ನೂ ಮೇಲೆ ತಂದು, ಅದರ ಅಂಚನ್ನು ಅವಳ ಚಮಚಕ್ಕೆ ತಾಗಿಸಿ ಹಿಡಿದ.

“ಈಗ ಹಾಕವ್ವ,” ಎಂದ. “ಚೆಲ್ಲಾಕಿಲ್ಲ.”